ಓದುಗರ ಪ್ರಶ್ನೆ: ಹಲಗೆ ನೀರು ಬಿಟ್ಟು ಎದ್ದರೂ ಅದು ವಿಂಡ್‌ಸರ್ಫಿಂಗೇನಾ?

ಪ್ರಶ್ನೆ: ನಮ್ಮ ಭಾವ ಗೋವಾದಲ್ಲಿ ಕೆಲಸಕ್ಕಿದ್ದಾಗ ವಿಂಡ್‌ಸರ್ಫಿಂಗ್ ಕಲಿತವರು. ಆಮೇಲೆ ನಮ್ಮ ಹೊನ್ನೆಮರಡುವಿನಲ್ಲೂ ಹಾಯಿ ಹಿಡಿದಿದ್ದಾರೆ. ಪ್ಯಾರಿಸ್ ಒಲಿಂಪಿಕ್ಸ್‌ನ ವಿಡಿಯೊ ತೋರಿಸಿದರೆ, "ಇದೆಂಥ ವಿಂಡ್‌ಸರ್ಫಿಂಗ್ ಮಾರಾಯ, ಹಲಗೆ ನೀರಿಗೇ ತಾಗ್ತಿಲ್ಲ, ಇದು ಹಾರೋ ಆಟ" ಅನ್ನುತ್ತಾರೆ. ಹಾಯಿ ಇದೆ, ಹಲಗೆ ಇದೆ, ಗಾಳಿ ಇದೆ, ಇನ್ನೇನು ಬೇಕು ಅಂತ ನಾನು. ಹಬ್ಬಕ್ಕೆ ಸೇರಿದಾಗೆಲ್ಲ ಇದೇ ಜಗಳ. ನೀವೇ ಹೇಳಿ.
– ಸಾಗರದ ಓದುಗರು

ಉತ್ತರ: ನಿಮ್ಮ ಮಾತೇ ಸರಿ. ಆದರೆ ಭಾವನವರು ಸುಮ್ನೆ ಹಟಕ್ಕೆ ಹೇಳುತ್ತಿಲ್ಲ, ಅದಕ್ಕೆ ಆಮೇಲೆ ಬರುತ್ತೇನೆ.

ಉಳಿದ ಓದುಗರಿಗಾಗಿ ಮೊದಲು ಇಷ್ಟು. ಹಳೆಯ ಹಲಗೆಯ ಅಡಿಯಲ್ಲಿ ಹಿಂಭಾಗಕ್ಕೆ ಮೀನಿನ ಈಜುರೆಕ್ಕೆಯಂಥ ಒಂದು ಫಿನ್ ಇರುತ್ತದೆ. ಆ ಒಲಿಂಪಿಕ್ಸ್ ವಿಡಿಯೊದಲ್ಲಿ ಕಂಡ ಫಾಯಿಲಿಂಗ್‌ನಲ್ಲಿ ಅದನ್ನು ತೆಗೆದು ಒಂದು ಮೀಟರಿನಷ್ಟು ಉದ್ದದ ಕಂಬವನ್ನು ಕೆಳಮುಖವಾಗಿ ಜೋಡಿಸುತ್ತಾರೆ. ಕಂಬದ ತುದಿಯಲ್ಲಿ ಮುಂದೊಂದು ರೆಕ್ಕೆ, ಹಿಂದೊಂದು ಚಿಕ್ಕ ರೆಕ್ಕೆ. ಈ ಜೋಡಣೆಯೇ ಫಾಯಿಲ್. ವೇಗ ಬಂದ ಕೂಡಲೇ ನೀರಿನೊಳಗಿನ ಆ ರೆಕ್ಕೆ ಹಲಗೆಯನ್ನೂ ಆಳನ್ನೂ ಮೇಲಕ್ಕೆ ಎತ್ತುತ್ತದೆ. ಅಷ್ಟೇ ವ್ಯತ್ಯಾಸ. ಹಲಗೆಯ ಮೇಲಿನದು ಏನೂ ಬದಲಾಗಿಲ್ಲ.

ನನ್ನ ಪ್ರಕಾರ ವಿಂಡ್‌ಸರ್ಫಿಂಗ್ ಯಾವುದು ಅಂತ ತೀರ್ಮಾನ ಮಾಡುವುದು ಆ ಮೇಲಿನದೇ. ಹಾಯಿದೋಣಿಯಲ್ಲಿ ಹಾಯಿಕಂಬ ಗಟ್ಟಿಯಾಗಿ ನಿಂತಿರುತ್ತದೆ, ತಿರುಗಿಸಲು ಚುಕ್ಕಾಣಿ ಬೇಕು. ವಿಂಡ್‌ಸರ್ಫಿಂಗ್‌ನಲ್ಲಿ ಚುಕ್ಕಾಣಿಯೇ ಇಲ್ಲ. ಹಾಯಿಕಂಬದ ಬುಡದಲ್ಲಿ ಎಲ್ಲ ದಿಕ್ಕಿಗೂ ಬಾಗುವ ಒಂದು ಕೀಲು ಇದೆ. ಅಡ್ಡಗೋಲು ಹಿಡಿದು ನಿಂತವನು ಕೈ ಬಿಟ್ಟರೆ ಹಾಯಿ ನೀರಿಗೆ ಬೀಳುತ್ತದೆ. ಹಾಯಿಯನ್ನು ಮುಂದಕ್ಕೆ ಬಾಗಿಸಿದರೆ ಹಲಗೆಯ ಮೂತಿ ಗಾಳಿಯಿಂದ ಆಚೆಗೆ ತಿರುಗುತ್ತದೆ, ಹಿಂದಕ್ಕೆ ಬಾಗಿಸಿದರೆ ಗಾಳಿಯ ಕಡೆಗೆ. ಕ್ಯಾಲಿಫೋರ್ನಿಯಾದ ಹೊಯ್ಲ್ ಶ್ವೈಟ್ಜರ್ ಮತ್ತು ಜಿಮ್ ಡ್ರೇಕ್ 1968ರಲ್ಲಿ ಅರ್ಜಿ ಹಾಕಿ 1970ರಲ್ಲಿ ಪಡೆದ ಪೇಟೆಂಟಿನ ಜೀವಾಳವೂ ಹೀಗೆ ಬಾಗುವ ಹಾಯಿಯೇ. ಅವರಿಗಿಂತ ಮುಂಚೆ, 1960ರ ದಶಕದ ಮಧ್ಯದಲ್ಲೇ ನ್ಯೂಮನ್ ಡಾರ್ಬಿ ಎಂಬಾತ ಪೆನ್ಸಿಲ್ವೇನಿಯಾದಲ್ಲಿ ಹಾಯಿಹಲಗೆ ಮಾಡಿದ್ದ. ಸಮುದ್ರ ದೂರ ಇರುವ ಒಳನಾಡು ಅದು, ನಮ್ಮ ಮಲೆನಾಡಿನವರು ನೆನಪಿಟ್ಟುಕೊಳ್ಳಲಿ ಅಂತ ಹೇಳಿದೆ.

ಇನ್ನು ಹಲಗೆಯ ಅಡಿಭಾಗ. ಅದು ಯಾವ ಕಾಲದಲ್ಲಿ ಒಂದೇ ಥರ ಇತ್ತು ಹೇಳಿ? ಮೊದಲ ಹಲಗೆಗಳು 12 ಅಡಿ ಉದ್ದ, ನಡುವೆ ಡ್ಯಾಗರ್‌ಬೋರ್ಡ್ ಎಂಬ ದೊಡ್ಡ ಅಲಗು. ಗಿಡ್ಡ ಹಲಗೆಗಳು ಬಂದಾಗ ಆ ಅಲಗು ಹೋಯಿತು, ಫಿನ್ ಮಾತ್ರ ಉಳಿಯಿತು, ಹಲಗೆಗೆ ಕಾಲುಪಟ್ಟಿ ಬಂತು, ಸೊಂಟಕ್ಕೆ ಕೊಕ್ಕೆ ಬಂತು. ಅಲಗು ಹೋದದ್ದಕ್ಕೆ ಯಾರೂ ಆಟದ ಹೆಸರು ಕಿತ್ತುಕೊಳ್ಳಲಿಲ್ಲ. ಫಿನ್ ಹೋದರೆ ಮಾತ್ರ ಯಾಕೆ ಕಿತ್ತುಕೊಳ್ಳಬೇಕು? ನೀರಿಗೆ ತಾಗಲಿಲ್ಲ ಅನ್ನುವ ಮಾತಿಗೂ ಅಷ್ಟು ಬಲ ಇಲ್ಲ. ಜೋರು ಗಾಳಿಯಲ್ಲಿ ಭಾವನವರ ಹಳೆಯ ಹಲಗೆಯೂ ಎದ್ದು ಜಾರುತ್ತಿತ್ತು, ಹಿಂದಿನ ತುದಿ ಮತ್ತು ಫಿನ್ ಬಿಟ್ಟರೆ ಜಾಸ್ತಿ ಏನೂ ನೀರಿಗೆ ತಾಗುತ್ತಿರಲಿಲ್ಲ. ಅವರನ್ನೇ ಕೇಳಿ, ಬೇಕಾದರೆ.

ಒಲಿಂಪಿಕ್ಸ್ ಕಥೆಯೂ ಹಾಗೇ. 1984ರಲ್ಲಿ ವಿಂಡ್‌ಗ್ಲೈಡರ್ ಹಲಗೆಯಿಂದ ಶುರುವಾಯಿತು, ಆಮೇಲೆ ಲೆಖ್ನರ್, ಮಿಸ್ಟ್ರಲ್, 2008ರಿಂದ ಆರ್‌ಎಸ್‌ಎಕ್ಸ್. 2024ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಮಾರ್ಸೆಯ ಕಡಲಲ್ಲಿ ಐಕ್ಯೂಫಾಯಿಲ್ ಎಂಬ ಫಾಯಿಲ್ ಹಲಗೆ. ಹೆಸರು ವಿಂಡ್‌ಸರ್ಫಿಂಗ್ ಅಂತಲೇ. ಇದಕ್ಕಿಂತ ಚೆನ್ನಾದ ಉದಾಹರಣೆ ಹಾಂಗ್‌ಝೌ ಏಷ್ಯನ್ ಗೇಮ್ಸ್. 2023ರಲ್ಲಿ ಅಲ್ಲಿ ಹಳೆಯ ಆರ್‌ಎಸ್‌ಎಕ್ಸ್‌ಗೂ ಪದಕ ಇತ್ತು, ಫಾಯಿಲ್‌ಗೂ ಬೇರೆ ಪದಕ ಇತ್ತು, ಎರಡೂ ವಿಂಡ್‌ಸರ್ಫಿಂಗ್ ಅಡಿಯಲ್ಲೇ. ಆರ್‌ಎಸ್‌ಎಕ್ಸ್‌ನಲ್ಲಿ ನಮ್ಮ ಇಬಾದ್ ಅಲಿ ಕಂಚು ಗೆದ್ದರು. ಅವರು ತಯಾರಾದದ್ದು ಭೋಪಾಲದ ಕೆರೆಯಲ್ಲಿ.

ಈಗ ಭಾವನವರ ಕಡೆಯ ಮಾತು. ಫಿನ್ ಹಲಗೆಯಲ್ಲಿ ಪ್ರತಿ ಅಲೆ ಅಂಗಾಲಿಗೆ ಬಡಿಯುತ್ತದೆ, ಪಟಪಟ ಸದ್ದು, ಮುಖಕ್ಕೆ ನೀರು. ಫಾಯಿಲ್ ಎದ್ದ ಮೇಲೆ ಅದೆಲ್ಲ ನಿಂತುಹೋಗುತ್ತದೆ. ಅಲ್ಲಿ ಕಷ್ಟವೇ ಬೇರೆ, ಎಡಬಲದ ಜೊತೆಗೆ ಎತ್ತರವನ್ನೂ ಕಾಲಿನಲ್ಲೇ ಕಾಯಬೇಕು. ಹಳಬರು ಜೋರು ಗಾಳಿಗೆ ಕಾದು ಕೂತು, ಬಂದಾಗ ಅದರ ಜೊತೆ ಗುದ್ದಾಡಿ ಕಲಿತವರು. ಹೊಸಬರು ಏಳೆಂಟು ನಾಟ್ (ಗಂಟೆಗೆ 13–15 ಕಿ.ಮೀ.) ಗಾಳಿಗೇ ಎದ್ದು ಹೊರಟುಬಿಟ್ಟರೆ ಅವರಿಗೆ ಉರಿಯುವುದು ಸಹಜ ಅಲ್ವಾ. ಅಲೆ ಏರಿ ನೆಗೆಯುವ ಆಟ ಇವತ್ತಿಗೂ ಫಿನ್‌ನದೇ. ಬರೀ ವೇಗ ನೋಡಿದರೂ ಅಷ್ಟೇ. ಫ್ರಾನ್ಸಿನ ಆಂಟೊಯಿನ್ ಅಲ್ಬೋ 2015ರಲ್ಲಿ ನಮೀಬಿಯಾದ ಲುಡೆರಿಟ್ಸ್‌ನಲ್ಲಿ 53.27 ನಾಟ್, ಅಂದರೆ ಗಂಟೆಗೆ 98 ಕಿ.ಮೀ. ದಾಟಿ ಹೋದದ್ದು ಫಿನ್ ಹಲಗೆಯಲ್ಲಿ. ಹಾಗಾಗಿ ಎರಡಕ್ಕೂ ಬೇರೆ ಬೇರೆ ಸ್ಪರ್ಧೆ, ಬೇರೆ ಬಹುಮಾನ ಇರಲಿ ಅಂದರೆ ನಾನೂ ಕೈ ಎತ್ತುತ್ತೇನೆ. ಇದು ಬೇರೆಯೇ ಆಟ ಅಂದರೆ ಮಾತ್ರ ಒಪ್ಪುವುದಿಲ್ಲ.

ಪ್ರಶ್ನೆ: ಅಷ್ಟು ಸಣ್ಣ ರೆಕ್ಕೆ ಒಬ್ಬ ಮನುಷ್ಯನನ್ನು ಹೇಗೆ ಎತ್ತುತ್ತದೆ?
– ತೀರ್ಥಹಳ್ಳಿಯ ಪಿಯುಸಿ ವಿದ್ಯಾರ್ಥಿನಿ

ಉತ್ತರ: ನೀರು ಗಾಳಿಗಿಂತ 800 ಪಟ್ಟಿನಷ್ಟು ಸಾಂದ್ರ, ಗುಟ್ಟು ಅದರಲ್ಲಿದೆ. ವಿಮಾನಕ್ಕೆ ಭಾರಿ ರೆಕ್ಕೆ ಬೇಕಾದ ಕೆಲಸಕ್ಕೆ ನೀರಿನಲ್ಲಿ ಪುಟ್ಟದು ಸಾಕು. ಐಕ್ಯೂಫಾಯಿಲ್‌ನ ಮುಂದಿನ ರೆಕ್ಕೆ ಸುಮಾರು 900 ಚದರ ಸೆಂಟಿಮೀಟರ್, ಅಂದರೆ ಒಂದಡಿ ಉದ್ದ ಒಂದಡಿ ಅಗಲದ ಟೈಲ್ಸ್‌ನಷ್ಟು. ಗಂಟೆಗೆ 18 ಕಿ.ಮೀ. ವೇಗದಲ್ಲಿ, ರೆಕ್ಕೆಯ ಓರೆ ಸರಿಯಾಗಿದ್ದರೆ, ಅದು 90 ಕೆ.ಜಿ. ಆಸುಪಾಸಿನ ಭಾರ ಎತ್ತಬಲ್ಲದು ಅಂತ ನಿಮ್ಮ ಭೌತಶಾಸ್ತ್ರದ ಸೂತ್ರದಲ್ಲೇ ಲೆಕ್ಕ ಹಾಕಬಹುದು. ವೇಗ ಎರಡರಷ್ಟಾದರೆ ಎತ್ತುವ ಬಲ ನಾಲ್ಕರಷ್ಟು. ಸುಮ್ಮನೆ ಬಿಟ್ಟರೆ ಹಲಗೆ ಏರುತ್ತಲೇ ಹೋಗುತ್ತದೆ, ಅದಕ್ಕೇ ಮುಂಗಾಲು ಒತ್ತಿ ಓರೆಯನ್ನು ಕಡಿಮೆ ಮಾಡುತ್ತಾರೆ. ರೆಕ್ಕೆ ನೀರಿನ ಮೇಲಕ್ಕೆ ಬಂದು ಗಾಳಿ ಎಳೆದುಕೊಂಡಿತೋ, ಎತ್ತುವ ಬಲ ಒಮ್ಮೆಲೇ ಹೋಗಿ ಮೂತಿ ಮುಂದಾಗಿ ಬೀಳುವುದೇ.

ಈ ಉಪಾಯ ಹೊಸದೇನಲ್ಲ. ದೂರವಾಣಿಯ ಅಲೆಕ್ಸಾಂಡರ್ ಗ್ರಹಾಂ ಬೆಲ್ ಇದ್ದಾರಲ್ಲ, ಅವರ ತಂಡದ ಎಚ್‌ಡಿ-4 ದೋಣಿ 1919ರಲ್ಲೇ ಇಂಥ ರೆಕ್ಕೆಗಳ ಮೇಲೆ ಗಂಟೆಗೆ 114 ಕಿ.ಮೀ. ಓಡಿತ್ತು.

ಪ್ರಶ್ನೆ: ಕೈಯಲ್ಲಿ ಗಾಳಿ ತುಂಬಿದ ರೆಕ್ಕೆ ಹಿಡಿದು ಹೋಗುತ್ತಾರಲ್ಲ, ಅದೂ ವಿಂಡ್‌ಸರ್ಫಿಂಗಾ?
– ಹೊಸನಗರದ ಓದುಗರು

ಉತ್ತರ: ಅಲ್ಲ. ಅದು ವಿಂಗ್ ಫಾಯಿಲಿಂಗ್. ಅದರಲ್ಲಿ ಹಾಯಿಗೂ ಹಲಗೆಗೂ ಕೀಲೂ ಇಲ್ಲ, ಹಾಯಿಕಂಬವೂ ಇಲ್ಲ, ನಡುವೆ ಇರುವುದು ಮನುಷ್ಯ ಮಾತ್ರ. ದಾರ ಕಟ್ಟಿ ಗಾಳಿಪಟ ಹಾರಿಸಿಕೊಂಡು ಹೋಗುವ ಕೈಟ್ ಕೂಡ ಬೇರೆಯೇ, ಮಾರ್ಸೆಯಲ್ಲಿ ಅದಕ್ಕೆ ಪ್ರತ್ಯೇಕ ಪದಕ ಇತ್ತು. ಸಾಗರದವರೇ, ಗಮನಿಸಿ: ಅಡಿಯಲ್ಲಿ ಮೂರಕ್ಕೂ ಫಾಯಿಲ್ಲೇ ಇದೆ, ಆದರೂ ಮೂರೂ ಬೇರೆ. ಅಡಿಭಾಗ ನೋಡಿ ಹೆಸರಿಡುವುದಿಲ್ಲ ಅನ್ನುವುದಕ್ಕೆ ಇನ್ನೇನು ಬೇಕು?

ಪ್ರಶ್ನೆ: ಲಿಂಗನಮಕ್ಕಿ ಹಿನ್ನೀರಿನಲ್ಲಿ ಅಥವಾ ಗಾಜನೂರಿನಲ್ಲಿ ಫಾಯಿಲಿಂಗ್ ಮಾಡಬಹುದಾ?
– ಶಿವಮೊಗ್ಗದ ಓದುಗರು

ಉತ್ತರ: ಗಾಜನೂರು ಬೇಡ. ಆ ಹಿನ್ನೀರಿನ ದಡದಲ್ಲೇ ಸಕ್ರೆಬೈಲಿನ ಆನೆಗಳ ಸ್ನಾನ ನಡೆಯುತ್ತದೆ, ಅವುಗಳ ಪಾಡಿಗೆ ಅವು ಇರಲಿ.

ಲಿಂಗನಮಕ್ಕಿಯಲ್ಲಿ ಜಾಗಕ್ಕೆ ಕೊರತೆ ಇಲ್ಲ. ತೊಂದರೆ ಇರುವುದು ನೀರಿನ ಅಡಿಯಲ್ಲಿ. 1964ರಲ್ಲಿ ಅಣೆಕಟ್ಟು ಮುಗಿದಾಗ ಮುಳುಗಿದ ಕಾಡಿನ ಬೊಡ್ಡೆಗಳು ಇನ್ನೂ ನಿಂತಿವೆ, ಬೇಸಿಗೆಯಲ್ಲಿ ನೀರು ಇಳಿದಾಗ ನೀವೇ ನೋಡಿರುತ್ತೀರಿ. ಮಳೆಗಾಲದ ಕೊನೆಗೆ ಅವು ಮುಳುಗಿ ಕಾಣದಂತಾದಾಗಲೇ ಅಪಾಯ ಜಾಸ್ತಿ. ಒಂದೂವರೆ ಅಡಿ ಇಳಿಯುವ ಫಿನ್ ದಾಟಿಹೋಗುವ ಬೊಡ್ಡೆಗೆ ಮೂರಡಿ ಇಳಿಯುವ ಫಾಯಿಲ್ ಹೋಗಿ ಗುದ್ದುತ್ತದೆ. ಹಲಗೆ ಅಲ್ಲೇ ನಿಲ್ಲುತ್ತದೆ, ನೀವು ನಿಲ್ಲುವುದಿಲ್ಲ. ಗುಡ್ಡಗಳ ನಡುವೆ ಗಾಳಿಯೂ ಒಂದೇ ಸಮ ಬೀಸುವುದಿಲ್ಲ, ಒಂದು ಬೀಸು ಬಂದು ಮರುಕ್ಷಣ ಸತ್ತುಹೋಗುತ್ತದೆ, ಕಲಿಯುವವರಿಗೆ ಅದು ಭಾರಿ ಕಾಟ.

ಆಸೆ ಇದ್ದರೆ ಮೊದಲು ಫಿನ್ ಹಲಗೆಯಲ್ಲೇ ಕಲಿಯಿರಿ, ಸೊಂಟದ ಕೊಕ್ಕೆ ಮತ್ತು ಕಾಲುಪಟ್ಟಿ ರೂಢಿಯಾಗಲಿ. ಫಾಯಿಲ್‌ಗೆ ಬಂದಾಗ ಗಿಡ್ಡ ಕಂಬದಿಂದ ಶುರು ಮಾಡಿ. ಹೆಲ್ಮೆಟ್ ಮತ್ತು ಲೈಫ್ ಜಾಕೆಟ್ ಬಿಟ್ಟು ಇಳಿಯಲೇಬೇಡಿ, ರೆಕ್ಕೆಯ ಅಂಚು ಚರ್ಮ ಸೀಳುವಷ್ಟು ಹರಿತ. ಜಲಾಶಯಕ್ಕೆ ಇಳಿಯಲು ಅನುಮತಿ ಬೇಕು, ಅದನ್ನು ಮೊದಲೇ ಪಡೆಯಿರಿ. ಎಲ್ಲಿ ಬೊಡ್ಡೆ ಇದೆ, ಎಲ್ಲಿ ಇಲ್ಲ ಅನ್ನುವುದನ್ನು ಮಾತ್ರ ಅಲ್ಲಿ ಬಲೆ ಹಾಕುವವರನ್ನೇ ಕೇಳಿ. ಸಾಧ್ಯವಾದರೆ ಮೇ ತಿಂಗಳಲ್ಲಿ ಒಮ್ಮೆ ಹೋಗಿ ನೀರಿಳಿದ ಜಾಗವನ್ನು ಕಣ್ಣಾರೆ ನೋಡಿ, ಫೋಟೊ ತೆಗೆದಿಟ್ಟುಕೊಂಡು ಬನ್ನಿ.