ಪಲ್ಸ್ ಕೊಟ್ರೂ ಹೈಡ್ರೋಜನ್ ಕಡಿಮಿ, ನೀರು ಚಹಾದಂಗ ಆಗೂದು
ವಿಡಿಯೋ ನೋಡಿ ಉಪ್ಪು ನೀರಿನ್ಯಾಗ ಸ್ಟೀಲ್ ಪ್ಲೇಟ್ ಇಟ್ಟು, ಕರೆಂಟನ್ನ ಪಲ್ಸಿನಂಗ (ಬಿಟ್ಟು ಬಿಟ್ಟು) ಕೊಟ್ಟು ಹೈಡ್ರೋಜನ್ ಮಾಡಾಕ ಹೋದ್ರ ಹಿಂಗಾತು ಅಂತ ಕೇಳೀರಿ. ನೀರು ಕಂದಾಗಿದ್ದು ಪಲ್ಸಿಂದ ಅಲ್ರೀ, ನೀವು ಹಾಕಿದ ಅಡಗಿ ಉಪ್ಪಿಂದ. ಅದರಾಗಿನ ಕ್ಲೋರೈಡ್ ಪ್ಲಸ್ ಕಡೆ ಸ್ಟೀಲ್ ಪ್ಲೇಟ್ ತಿಂತೈತಿ, ಕ್ಲೋರಿನ್ ಗ್ಯಾಸ್ ಬ್ಯಾರೆ ಬರತೈತಿ, ಆ ನೀರಿನ್ಯಾಗ ಕ್ರೋಮಿಯಂ ಇರತೈತಿ, ಗಿಡಕ್ಕ ಸುರೀಬ್ಯಾಡ್ರಿ. ನಮ್ಮ ವಿಜಯಪುರದ ಸವಳ ಬೋರ್ ನೀರೂ ಈ ಕೆಲಸಕ್ಕ ಬ್ಯಾಡ.

ಮೊದಲ ಪ್ಲೇಟ್ ತಿಕ್ಕಿ ತೊಳದು, ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ವಾಟರಿಗೆ ಸ್ವಲ್ಪ ಕಾಸ್ಟಿಕ್ ಸೋಡಾ ಹಾಕ್ರಿ. ನೀರಿಗೆ ಸೋಡಾ, ಸೋಡಾಕ್ಕ ನೀರಲ್ಲ, ಕೈಗವಸು ಕನ್ನಡಕ ಬೇಕಾ ಬೇಕು. ಇನ್ನೊಂದು, ನೀವು ಒಂದ ಜೋಡಿ ಪ್ಲೇಟಿಗೆ 12 ವೋಲ್ಟ್ ಕೊಟ್ಟೀರಿ, ಒಂದು ಸೆಲ್ಲಿಗೆ (ಅಂದ್ರ ಒಂದು ಜೋಡಿ ಪ್ಲೇಟಿಗೆ) 2 ವೋಲ್ಟ್ ಸುತ್ತಮುತ್ತ ಸಾಕು, ಉಳಿದದ್ದೆಲ್ಲ ಬರೇ ನೀರ ಕಾಯಿಸಾಕ ಹೊಕ್ಕೈತಿ. ಲಾರಿ ಬ್ಯಾಟರಿಯಾಗ ಇದ್ದಂಗ 6 ಸೆಲ್ ಸೀರೀಸ್ ಮಾಡ್ರಿ, ಅಂದ್ರ ಒಂದರ ಪ್ಲಸ್ ಮುಂದಿನದರ ಮೈನಸ್ಸಿಗೆ ಸಾಲಾಗಿ ಜೋಡಸ್ರಿ.

ಪಲ್ಸ್ ಕೊಡೂ ಎಲೆಕ್ಟ್ರಾನಿಕ್ ಸ್ವಿಚ್ಚು, ಮಾಸ್ಫೆಟ್, ಕೈ ಸುಡೂದು ಅದರ ಗೇಟಿಗೆ (ಆನ್-ಆಫ್ ಮಾಡೂ ಕಾಲಿಗೆ) ವೋಲ್ಟೇಜ್ ಸಾಲದ್ದಕ್ಕ ಅನಸ್ತೈತಿ, ಫೋಟೋ ಇಲ್ದ ಖಾತ್ರಿ ಹೇಳಾಕ ಬರಂಗಿಲ್ಲ. ಅದನ್ನ ತಗದಿಟ್ಟು ಸಾದಾ ಡಿಸಿ ಕೊಟ್ಟು ನೋಡ್ರಿ. ಸೆಲ್ಲಿಗೆ 1 ಆಂಪಿಯರ್ ಒಂದು ತಾಸು ಹರದ್ರ ಹೈಡ್ರೋಜನ್ ಸುಮಾರು 0.45 ಲೀಟರ್, ಪಲ್ಸ್ ಕೊಟ್ರೂ ಅದಕಿಂತ ಹೆಚ್ಚ ಬರಂಗಿಲ್ಲ, ವಿಡಿಯೋದಾವ್ರು ಏನರ ಹೇಳ್ಲಿ.

ಹೈಡ್ರೋಜನ್, ಆಕ್ಸಿಜನ್ ಎರಡೂ ಗ್ಯಾಸ್ ಕೂಡೇ ಬರತಾವು, ಬಾಟ್ಲ್ಯಾಗ ತುಂಬಿಡಬ್ಯಾಡ್ರಿ, ಬಯಲಾಗ ಮಾಡ್ರಿ, ಪೈಪಿನ ಗ್ಯಾಸ್ ನೀರಿನ ಬಬ್ಲರ್ (ಗ್ಯಾಸ್ ನೀರಿನ್ಯಾಗಿಂದ ಗುಳ್ಳಿಯಾಗಿ ಏಳೂ ಡಬ್ಬಿ) ದಾಟೇ ಹೊರಗ ಬರಲಿ.