‘ಯಾರೂ ಬರುವುದಿಲ್ಲ’ ಎಂದು ಮಗಳು ಬರೆದಿದ್ದಳು

ಪ್ರಶ್ನೆ: ನನ್ನ ಮಗನಿಗೆ 6 ವರ್ಷ. ಆಟಿಸಂ ಇದೆಯೆಂದು ಅವನ 3ನೇ ವಯಸ್ಸಿನಲ್ಲಿ ತಿಳಿಯಿತು. ಮಾತು ಬಹಳ ಕಡಿಮೆ. ಬೇಕಾದುದನ್ನು ಚಿತ್ರದ ಕಾರ್ಡ್ ತೋರಿಸಿ ಕೇಳುತ್ತಾನೆ. ಗದ್ದಲ ಹೆಚ್ಚಾದರೆ ಕಿವಿ ಮುಚ್ಚಿಕೊಂಡು ನೆಲಕ್ಕೆ ಬಿದ್ದು ಚೀರುತ್ತಾನೆ, ತಲೆಯನ್ನು ಗೋಡೆಗೆ ಬಡಿದುಕೊಳ್ಳುತ್ತಾನೆ. ಆದರೆ ನಾನು ಇಂದು ಬರೆಯುತ್ತಿರುವುದು 11 ವರ್ಷದ ಮಗಳ ಬಗ್ಗೆ. ಅವಳು ಹಠ ಮಾಡುವುದಿಲ್ಲ, ಏನನ್ನೂ ಕೇಳುವುದಿಲ್ಲ. ಎಂಥ ಜಾಣೆ ಎಂದು ಎಲ್ಲರೂ ಹೊಗಳುತ್ತಾರೆ. ಕಳೆದ ವಾರ ಅವಳ ಚೀಲದಲ್ಲಿ ಶಾಲೆಯ ವಾರ್ಷಿಕೋತ್ಸವದ ಚೀಟಿಯೊಂದು ಸಿಕ್ಕಿತು. ಮನೆಯಿಂದ ಎಷ್ಟು ಜನ ಬರುತ್ತಾರೆ ಎಂಬ ಸಾಲಿನ ಮುಂದೆ, ನಮ್ಮನ್ನು ಒಂದು ಮಾತೂ ಕೇಳದೆ, ‘ಯಾರೂ ಬರುವುದಿಲ್ಲ’ ಎಂದು ದುಂಡಗೆ ಬರೆದಿದ್ದಳು. ಅತ್ತೆಯವರು ‘ನಾಳೆ ತಮ್ಮನನ್ನು ನೋಡಿಕೊಳ್ಳಬೇಕಾದವಳು ನೀನೇ’ ಎಂದು ಅವಳಿಗೆ ಹೇಳುತ್ತಿರುತ್ತಾರೆ. ನಾನು ಬೇಗ ಕೆಲಸಕ್ಕೆ ಮರಳಿದ್ದರಿಂದಲೇ ಮಗು ಹೀಗಾಯಿತು ಎಂದೂ ಹೇಳುತ್ತಾರೆ. ಪತಿ ಯಾವುದಕ್ಕೂ ಬಾಯಿ ಬಿಡುವುದಿಲ್ಲ. ನಾನು ಎಲ್ಲಿಂದ ಆರಂಭಿಸಲಿ?

ಉತ್ತರ: ಆ ಚೀಟಿಯಿಂದಲೇ ಆರಂಭಿಸಿ. ಚೀಟಿ ನೋಡಿದೆನೆಂದು ಮಗಳಿಗೆ ಹೇಳಿ, ಯಾಕೆ ಹಾಗೆ ಬರೆದೆ ಎಂದು ವಿಚಾರಿಸಲು ಹೋಗದೆ, ‘ನಾನು ಬರುತ್ತೇನೆ, ಕಾರ್ಯಕ್ರಮ ಮುಗಿಯುವವರೆಗೂ ಇರುತ್ತೇನೆ’ ಎಂದಷ್ಟೇ ಹೇಳಿ, ಹೇಳಿದಂತೆ ಹೋಗಿ ಬನ್ನಿ. ಅಂದು ಮಗನ ಹೊಣೆ ಅವನ ತಂದೆಯದಾಗಿರಲಿ. ನಿಮ್ಮ ಮಗಳು ನಿಮ್ಮನ್ನು ದೂರುತ್ತಿಲ್ಲ. ಮನೆಯಲ್ಲಿ ಯಾವುದಕ್ಕೆ ಜಾಗವಿದೆ, ಯಾವುದಕ್ಕಿಲ್ಲ ಎಂಬುದನ್ನು ಅವಳು ನೋಡಿ ನೋಡಿ ಲೆಕ್ಕ ಹಾಕಿಟ್ಟಿದ್ದಾಳೆ. ಆ ಲೆಕ್ಕವನ್ನು ಮಾತಿನಿಂದ ಅಳಿಸಲು ಸಾಧ್ಯವಿಲ್ಲ. ಹೇಳಿದ್ದು ನಡೆಯುವುದನ್ನು ಅವಳು ಹಲವು ಬಾರಿ ಕಾಣಬೇಕು.

ಏನನ್ನೂ ಕೇಳದ ಮಗುವನ್ನು ‘ಜಾಣೆ’ ಎಂದು ಹೊಗಳುವುದನ್ನು ಮೊದಲು ನಿಲ್ಲಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಆ ಹೊಗಳಿಕೆಯಿಂದ ಅವಳು ಕಲಿಯುವುದು ಒಂದನ್ನೇ: ಬೇಡದೆ ಇದ್ದರೆ ಮಾತ್ರ ಪ್ರೀತಿ ಸಿಗುತ್ತದೆ ಎಂಬುದನ್ನು. ವಾರದಲ್ಲಿ ಎರಡು ದಿನ, ಅರ್ಧ ಗಂಟೆಯಾದರೂ ಸರಿ, ಅವಳಿಗೆಂದೇ ಗೊತ್ತುಪಡಿಸಿ ಕ್ಯಾಲೆಂಡರಿನಲ್ಲಿ ಅವಳ ಹೆಸರು ಬರೆದಿಡಿ. ಆ ಹೊತ್ತಿನಲ್ಲಿ ತಮ್ಮನ ವಿಷಯ ನಿಮ್ಮ ಬಾಯಿಂದ ಬರದಿರಲಿ. ಅವಳಾಗಿಯೇ ಎತ್ತಿದರೆ ಕೇಳಿಸಿಕೊಳ್ಳಿ. ‘ಅವನ ಮೇಲೆ ನನಗೆ ಸಿಟ್ಟು ಬರುತ್ತದೆ’ ಎಂದು ಅವಳು ಒಂದು ದಿನ ಹೇಳಬಹುದು. ಪಾಪ, ಅವನಿಗೆ ತಿಳಿಯದು ಎಂದು ತಕ್ಷಣ ತಿದ್ದಬೇಡಿ. ತನ್ನ ಪುಸ್ತಕ ಹರಿದಾಗ, ಗೆಳತಿಯರ ಮುಂದೆ ತಮ್ಮ ಚೀರಿದಾಗ ಯಾವ ಅಕ್ಕನಿಗೂ ಸಿಟ್ಟು ಬರುತ್ತದೆ, ಅದನ್ನು ಹೇಳಿಕೊಳ್ಳಲು ಒಂದು ಜಾಗ ಬೇಕಾಗುತ್ತದೆ, ಮತ್ತು ಆ ಜಾಗ ನೀವಾಗಿದ್ದರೆ ಒಳ್ಳೆಯದು.

ಅವಳಿಗೆ ಆಟಿಸಂ ಎಂದರೆ ಏನೆಂದು ಯಾರಾದರೂ ಸರಿಯಾಗಿ ಹೇಳಿದ್ದಾರೆಯೇ? ಎಷ್ಟೋ ಮನೆಗಳಲ್ಲಿ ಹಿರಿಯರೆಲ್ಲ ಥೆರಪಿಯ ಭಾಷೆಯಲ್ಲಿ ಮಾತಾಡುತ್ತಿರುತ್ತಾರೆ, ಪಕ್ಕದಲ್ಲೇ ಕುಳಿತ ಮಗು ಮಾತ್ರ ‘ಇದು ನನಗೂ ಅಂಟುತ್ತದೆಯೇ, ನನ್ನಿಂದ ಆಯಿತೇ’ ಎಂದು ಒಳಗೊಳಗೇ ಹೆದರುತ್ತಿರುತ್ತದೆ. ತಮ್ಮನ ಮೆದುಳು ಹುಟ್ಟಿನಿಂದಲೇ ಬೇರೆ ರೀತಿಯಲ್ಲಿ ಬೆಳೆದಿದೆ, ಸದ್ದು ಬೆಳಕುಗಳು ಅವನನ್ನು ನಮಗಿಂತ ಬಹಳ ಜೋರಾಗಿ ತಟ್ಟುತ್ತವೆ, ಇದು ಅಂಟುವ ಕಾಯಿಲೆಯಲ್ಲ, ಯಾರ ತಪ್ಪೂ ಅಲ್ಲ ಎಂದು ಅವಳಿಗೆ ನೇರವಾಗಿ ಹೇಳಿ.

ಅವನು ಚೀರಿ ಬೀಳುವ ಹೊತ್ತಿನ ಬಗ್ಗೆಯೂ ಅವಳೊಂದಿಗೆ ಮೊದಲೇ ಮಾತಾಡಿಕೊಳ್ಳಿ. ಹಠ ಮಾಡುವ ಮಗು ಯಾರು ನೋಡುತ್ತಿದ್ದಾರೆಂದು ಗಮನಿಸುತ್ತಿರುತ್ತದೆ, ಕೇಳಿದ್ದು ಕೈಗೆ ಬಂದರೆ ಸುಮ್ಮನಾಗುತ್ತದೆ. ನೀವು ವಿವರಿಸಿರುವುದು ಹಠವಲ್ಲ; ಥೆರಪಿಸ್ಟರು ಮೆಲ್ಟ್‌ಡೌನ್ ಎನ್ನುವ ಸ್ಥಿತಿ. ಆಗ ಮಗು ತನ್ನ ಹಿಡಿತದಲ್ಲೇ ಇರುವುದಿಲ್ಲ, ಗದರಿಕೆಯಾಗಲಿ ಆಮಿಷವಾಗಲಿ ಅದರ ಕಿವಿಗೆ ಹೋಗುವುದಿಲ್ಲ. ಸದ್ದನ್ನೂ ಬೆಳಕನ್ನೂ ತಗ್ಗಿಸಿ, ನಿಮ್ಮ ಮಾತನ್ನೂ ತಗ್ಗಿಸಿ, ತಲೆಗೂ ಗೋಡೆಗೂ ನಡುವೆ ಒಂದು ದಿಂಬನ್ನಿಟ್ಟು ಹತ್ತಿರದಲ್ಲೇ ಇರಿ. ತಮ್ಮನನ್ನು ಹಿಡಿದುಕೊಳ್ಳುವುದು ಮಗಳ ಕೆಲಸವಲ್ಲ. ಅವಳು ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳಬಹುದು, ಅದರಿಂದ ಯಾರಿಗೂ ಬೇಸರವಿಲ್ಲ ಎಂದು ಅವಳಿಗೆ ಗೊತ್ತಿರಲಿ. ತಲೆ ಬಡಿದುಕೊಳ್ಳುವುದನ್ನು ವೈದ್ಯರಿಗೆ ತಪ್ಪದೆ ಹೇಳಿ. ಅದು ಇದ್ದಕ್ಕಿದ್ದಂತೆ ಹೆಚ್ಚಾಗಿದ್ದರಂತೂ ಕಿವಿ, ಹಲ್ಲು, ಹೊಟ್ಟೆಯನ್ನು ಪರೀಕ್ಷೆ ಮಾಡಿಸಲೇಬೇಕು. ನೋವಿದೆಯೆಂದು ಬಾಯಿಬಿಟ್ಟು ಹೇಳಲಾಗದ ಮಗು ಅದನ್ನು ಹೀಗೆಯೇ ಹೇಳುವುದುಂಟು.

ಇನ್ನು ಅತ್ತೆಯವರ ಎರಡು ಮಾತುಗಳು. ತಾಯಿಯನ್ನು ದೂರುವ ಚಾಳಿ ವೈದ್ಯಲೋಕದಿಂದಲೇ ಹರಡಿದ್ದು. ಅಮೆರಿಕದ ಮನೋವೈದ್ಯ ಲಿಯೋ ಕ್ಯಾನರ್ 1943ರಲ್ಲಿ 11 ಮಕ್ಕಳನ್ನು ವಿವರಿಸಿ ಬರೆದ ಲೇಖನದಿಂದ ಆಟಿಸಂ ಎಂಬ ಹೆಸರು ಪರಿಚಿತವಾಯಿತು. ಅದರ ಬೆನ್ನಿಗೇ, ತಾಯಿಯ ಪ್ರೀತಿ ಬತ್ತಿದ್ದರಿಂದ ಮಕ್ಕಳು ಹೀಗಾಗುತ್ತಾರೆ ಎಂಬ ವಾದ ಬೆಳೆದು, ಎರಡು ಮೂರು ದಶಕಗಳ ಕಾಲ ಅದೆಷ್ಟೋ ತಾಯಂದಿರನ್ನು ಸುಟ್ಟಿತು. 1964ರಲ್ಲಿ ಆ ವಾದವನ್ನು ಬಲವಾಗಿ ಎದುರಿಸಿ ಬರೆದ ಬರ್ನಾರ್ಡ್ ರಿಮ್‌ಲ್ಯಾಂಡ್ ಮನಶ್ಶಾಸ್ತ್ರಜ್ಞರಾಗಿದ್ದಂತೆಯೇ ಆಟಿಸಂ ಇದ್ದ ಮಗುವಿನ ತಂದೆಯೂ ಆಗಿದ್ದರು. 1977ರಲ್ಲಿ ಸೂಸನ್ ಫೋಲ್‌ಸ್ಟೀನ್ ಮತ್ತು ಮೈಕೆಲ್ ರಟ್ಟರ್ 21 ಅವಳಿ ಜೋಡಿಗಳನ್ನು ಅಧ್ಯಯನ ಮಾಡಿದರು. ವಂಶವಾಹಿಗಳು ಒಂದೇ ಆಗಿರುವ 11 ಏಕರೂಪಿ ಜೋಡಿಗಳ ಪೈಕಿ 4ರಲ್ಲಿ ಇಬ್ಬರು ಮಕ್ಕಳಿಗೂ ಆಟಿಸಂ ಇತ್ತು. ಏಕರೂಪಿಗಳಲ್ಲದ ಉಳಿದ 10 ಜೋಡಿಗಳಲ್ಲಿ ಒಂದರಲ್ಲೂ ಹಾಗಿರಲಿಲ್ಲ. ಇದರಲ್ಲಿ ವಂಶವಾಹಿಗಳ ಪಾತ್ರ ದೊಡ್ಡದೆಂದು ಅಂದಿನಿಂದ ಸ್ಪಷ್ಟವಾಗುತ್ತಲೇ ಬಂದಿದೆ. ನೀವು ಕೆಲಸಕ್ಕೆ ಹೋದದ್ದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಇದನ್ನು ಅತ್ತೆಯವರಿಗೆ ಹೇಳಬೇಕಾದವರು ನೀವಲ್ಲ, ಅವರ ಮಗ. ಅವರ ಮೌನ ನಿಮ್ಮ ಮನೆಯಲ್ಲಿ ಒಪ್ಪಿಗೆಯಂತೆ ಕೇಳಿಸುತ್ತಿದೆ ಎಂದು ಪತಿಗೆ ತಿಳಿಸಿ. ಎಷ್ಟೋ ತಂದೆಯರು ಏನು ಮಾಡಬೇಕೆಂದು ತೋಚದೆ ದೂರ ಸರಿಯುತ್ತಾರೆ. ‘ಸ್ವಲ್ಪ ಸಹಾಯ ಮಾಡಿ’ ಎಂಬ ಕೋರಿಕೆಯಿಂದ ಏನೂ ಆಗದು. ರಾತ್ರಿ ಮಗನ ಸ್ನಾನದಿಂದ ನಿದ್ದೆಯವರೆಗಿನ ಇಡೀ ಕೆಲಸವನ್ನು ಅವರಿಗೆ ಬಿಟ್ಟುಕೊಡಿ, ಅವರು ನಿಮ್ಮಂತೆಯೇ ಮಾಡದಿದ್ದರೆ ನಡುವೆ ಬಾಯಿ ಹಾಕಬೇಡಿ.

ಎರಡನೆಯ ಮಾತು ಇನ್ನೂ ಭಾರವಾದದ್ದು. ಮುಂದೊಂದು ದಿನ ಅಕ್ಕ ತಾನಾಗಿಯೇ ತಮ್ಮನ ಜೊತೆಗೆ ನಿಲ್ಲಬಹುದು, ಅದು ಅವಳ ಇಷ್ಟ. ಆದರೆ 11 ವರ್ಷದವಳ ಹೆಗಲಿಗೆ ಅದನ್ನು ಈಗಲೇ ಹೊರಿಸುವುದು ಅನ್ಯಾಯ. ಮಗನ ಮುಂದಿನ ವಾಸ, ಹಣ, ಪೋಷಕತ್ವ ಯಾರ ಕೈಗೆ ಹೋಗಬೇಕೆಂಬುದನ್ನು ನೀವಿಬ್ಬರೂ ಕುಳಿತು ಯೋಚಿಸಿ, ವಕೀಲರನ್ನು ಕಂಡು ಕಾಗದದಲ್ಲಿ ಬರೆದಿಡಿ. ಬಳಿಕ ಅತ್ತೆಯವರೂ ಇರುವಾಗಲೇ ಮಗಳನ್ನು ಕರೆದು, ‘ಅದು ನಮ್ಮ ಕೆಲಸ, ನಾವು ಮಾಡುತ್ತಿದ್ದೇವೆ, ನೀನು ಅವನಿಗೆ ಅಕ್ಕ, ಅಷ್ಟೇ’ ಎಂದು ಹೇಳಿ.

ಪ್ರಶ್ನೆ: ಆಟಿಸಂ ಇರುವ 5 ವರ್ಷದ ಮೊಮ್ಮಗ ನನ್ನ ಮುಖ ನೋಡುವುದಿಲ್ಲ, ತೊಡೆಯ ಮೇಲೆ ಕೂರುವುದಿಲ್ಲ. ಮುದ್ದಿಸಲು ಹೋದರೆ ಕೆನ್ನೆ ಒರೆಸಿಕೊಂಡು ಓಡುತ್ತಾನೆ. ಡಬ್ಬಿಯ ಮುಚ್ಚಳವೊಂದನ್ನು ಗಂಟೆಗಟ್ಟಲೆ ತಿರುಗಿಸುತ್ತಾ ಕೂರುತ್ತಾನೆ. ಅವನಿಗೆ ನನ್ನ ಮೇಲೆ ಪ್ರೀತಿಯೇ ಇಲ್ಲವೇ?

ಉತ್ತರ: ಹಿರಿಯರೇ, ಅವನು ದೂಡುತ್ತಿರುವುದು ಆ ಸ್ಪರ್ಶವನ್ನು, ನಿಮ್ಮನ್ನಲ್ಲ. ಹಗುರವಾದ ಮುಟ್ಟುವಿಕೆ, ಗಡ್ಡದ ತರಚು, ಒದ್ದೆ ಮುತ್ತು ಇಂಥ ಕೆಲವು ಮಕ್ಕಳಿಗೆ ಸಹಿಸಲಸಾಧ್ಯವಾಗಿರುತ್ತವೆ. ಸ್ವತಃ ಆಟಿಸಂ ಇರುವ ಅಮೆರಿಕದ ಪಶುವಿಜ್ಞಾನಿ ಟೆಂಪಲ್ ಗ್ರ್ಯಾಂಡಿನ್ ಅವರಿಗೆ ಅಪ್ಪುಗೆ ಬೇಕೆನಿಸುತ್ತಿದ್ದರೂ ಜನ ಅಪ್ಪಿಕೊಂಡರೆ ತಡೆಯಲಾಗುತ್ತಿರಲಿಲ್ಲ. ಕೊನೆಗೆ ಮೈಯನ್ನು ಎರಡು ಬದಿಗಳಿಂದ ಒತ್ತುವ ಯಂತ್ರವೊಂದನ್ನು, ಒತ್ತಡ ತಮ್ಮ ಕೈಯಲ್ಲೇ ಇರುವಂತೆ, ಹದಿಹರೆಯದಲ್ಲೇ ತಯಾರಿಸಿಕೊಂಡರು. ಮುಖ ನೋಡದಿರುವುದೂ ತಾತ್ಸಾರವಲ್ಲ. ನೋಡುತ್ತಾ ಕೇಳಿಸಿಕೊಳ್ಳುವುದು ತಮಗೆ ಕಷ್ಟವೆಂದು ಆಟಿಸಂ ಇರುವ ಅನೇಕ ವಯಸ್ಕರು ಹೇಳಿದ್ದಾರೆ.

ಎದುರಿಗೆ ಕೂರಬೇಡಿ, ಪಕ್ಕದಲ್ಲಿ ಕುಳಿತುಕೊಳ್ಳಿ. ನೀವೂ ಒಂದು ಮುಚ್ಚಳ ತೆಗೆದುಕೊಂಡು, ಅವನದನ್ನು ಮುಟ್ಟದೆ, ಮಾತಿಲ್ಲದೆ ತಿರುಗಿಸಿ. ಅವನು ನಿಲ್ಲಿಸಿದಾಗ ನಿಲ್ಲಿಸಿ, ಶುರು ಮಾಡಿದಾಗ ಶುರು ಮಾಡಿ. ಕೆಲವು ದಿನಗಳ ನಂತರ ಅವನು ನಿಮ್ಮ ಮುಚ್ಚಳದತ್ತ ಕಣ್ಣು ಹಾಯಿಸಬಹುದು, ಅಥವಾ ನಿಂತ ಮುಚ್ಚಳವನ್ನು ನಿಮ್ಮ ಕೈಗೆ ತಳ್ಳಬಹುದು. ಅದೇ ಅವನ ಕರೆ. ಹೊರಡುವಾಗ ಕೆನ್ನೆಗೆ ಬಾಗದೆ ಅಂಗೈ ಚಾಚಿ ಸ್ವಲ್ಪ ಹೊತ್ತು ಕಾಯಿರಿ. ಅವನು ಕೈ ಇಡದಿದ್ದರೆ ಬೇಸರ ತೋರಿಸದೆ ಹೊರಡಿ, ಮುಂದಿನ ಸಲವೂ ಹಾಗೆಯೇ ಅಂಗೈ ಚಾಚಿ.