ಆ ಎರಡು ಕಾಲಂ ಪಟ್ಟಿ ಹರಿದು ಹಾಕಿ

ಬಿ.ಎಡ್. ಪರೀಕ್ಷೆ ಹತ್ತಿರ ಬಂತು ಅಂದರೆ ನನಗೆ ಇಸ್ಲಾಮಿಕ್ ಶಿಕ್ಷಣ, ಪಾಶ್ಚಾತ್ಯ ಶಿಕ್ಷಣದ ಬಗ್ಗೆ ಇದೇ ಪ್ರಶ್ನೆಗಳು ಬರಲು ಶುರುವಾಗುತ್ತವೆ. ಉತ್ತರ ಕೊಟ್ಟೂ ಕೊಟ್ಟೂ ಸಾಕಾಗಿದೆ. ಮಕ್ತಬ್ ಅಂದರೆ ಮಕ್ಕಳಿಗೆ ಕುರ್‌ಆನ್, ಓದು ಬರಹ ಕಲಿಸುವ ಶಾಲೆ, ಮದರಸ ಅಂದರೆ ಅದರ ಮೇಲಿನ ಹಂತದ ವಿದ್ಯಾಲಯ, ಇದಕ್ಕಿಂತ ಹೆಚ್ಚು ಇಲ್ಲಿ ಹೇಳುತ್ತಾ ಕೂರಲ್ಲ. ಉಳಿದದ್ದು ನಿಮ್ಮ ಪಠ್ಯದಲ್ಲೇ ಇದೆ.

ಸರ್, ಇಸ್ಲಾಮಿಕ್ ಶಿಕ್ಷಣ ಅಂದರೆ ಬಾಯಿಪಾಠ, ಪಾಶ್ಚಾತ್ಯ ಶಿಕ್ಷಣ ಅಂದರೆ ಪ್ರಶ್ನೆ ಕೇಳುವುದು ಅಂತ ಗೈಡ್‌ನಲ್ಲಿ ಎರಡು ಕಾಲಂ ಮಾಡಿ ಕೊಟ್ಟಿದ್ದಾರೆ. ಹಾಗೇ ಬರೆದರೆ ಸರೀನಾ? (ಬಿ.ಎಡ್. ವಿದ್ಯಾರ್ಥಿನಿ)

ಅಂಕ ಬರಬಹುದಮ್ಮ, ಸರಿಯಂತೂ ಅಲ್ಲ. ಗೈಡ್ ಬರೆದವರು ತಕ್ಕಡಿಯ ಒಂದು ತಟ್ಟೆಯಲ್ಲಿ ಯಾವುದೋ ಓಣಿಯ ಬಡ ಮಕ್ತಬ್ ಇಟ್ಟಿದ್ದಾರೆ, ಇನ್ನೊಂದರಲ್ಲಿ ಯುರೋಪಿನ ಶಿಕ್ಷಣ ಚಿಂತಕ ರೂಸೋನ ಪುಸ್ತಕ. ಪುಸ್ತಕಕ್ಕೆ ಪುಸ್ತಕ ತೂಗಬೇಕು, ಓಣಿಗೆ ಓಣಿ.

ಮಂತಿಕ್ ಅಂತ ಒಂದು ವಿಷಯ ನಮ್ಮ ದೇಶದ ಎಷ್ಟೋ ಮದರಸಗಳಲ್ಲಿ ಇವತ್ತಿಗೂ ಇದೆ. ಅದು ತರ್ಕಶಾಸ್ತ್ರ, ಬೇರು ಅರಿಸ್ಟಾಟಲ್‌ನಲ್ಲಿ. ಅಲ್ಲಿ ಓದುವ ಹಳೇ ವ್ಯಾಖ್ಯಾನ ಗ್ರಂಥವೊಂದನ್ನು ತೆರೆದು ನೋಡಿ. ನಡುವೆ ಮೂಲ, ಸುತ್ತ ಅಂಚಿನಲ್ಲಿ ಓರೆಯಾಗಿ ಟಿಪ್ಪಣಿ, ಆ ಟಿಪ್ಪಣಿಗೆ ಮತ್ತೊಬ್ಬರ ಟಿಪ್ಪಣಿ. ಅದರಲ್ಲಿ ಪದೇ ಪದೇ ಸಿಗುವ ಮಾತು ‘ಫಇನ್ ಕುಲ್ತ’, ಅಂದರೆ ‘ನೀನು ಹೀಗಂದರೆ’. ಅದರ ಬೆನ್ನಿಗೇ ‘ಕುಲ್ತು’, ‘ನನ್ನ ಉತ್ತರ ಇದು’. ನಮ್ಮ ಶಾಸ್ತ್ರಗ್ರಂಥಗಳ ಪೂರ್ವಪಕ್ಷ ಇದ್ದ ಹಾಗೇ. ಬಾಯಿಪಾಠ ಇಲ್ಲ ಅಂತಲ್ಲ, ಖಂಡಿತ ಇದೆ. ಇಂಗ್ಲೆಂಡಿನ ಹುಡುಗರೂ ಲ್ಯಾಟಿನ್ ವ್ಯಾಕರಣವನ್ನು ನೂರಾರು ವರ್ಷ ಉರು ಹೊಡೆದವರೇ. ಪಶ್ಚಿಮದ ವಿದ್ಯೆ ಮೊದಲಿನಿಂದಲೂ ಸೆಕ್ಯುಲರ್ ಅಂತಲೂ ಆ ಗೈಡ್ ಬರೆದಿರುತ್ತದೆ, ನನಗೆ ಗೊತ್ತು. ಆಕ್ಸ್‌ಫರ್ಡ್‌ನಲ್ಲಿ ಆಂಗ್ಲಿಕನ್ ಚರ್ಚಿನ ನಂಬಿಕೆಗೆ ಸಹಿ ಹಾಕಬೇಕೆಂಬ ಕಟ್ಟಳೆ ಬಹುಪಾಲು ಹೋಗಿದ್ದೇ 1871ರಲ್ಲಿ.

ನಿಜವಾದ ವ್ಯತ್ಯಾಸ ಬೇರೆ ಕಡೆ ಇದೆ. ಒಂದು, ‘ನೀನು ಕಲಿತಿದ್ದೀಯ’ ಅಂತ ಹೇಳುವವರು ಯಾರು ಅನ್ನೋದು. ಬೊಲೋನ್ಯಾ, ಪ್ಯಾರಿಸ್‌ಗಳಲ್ಲಿ ವಿಶ್ವವಿದ್ಯಾಲಯ ಹುಟ್ಟಿದ್ದು ಒಂದು ಸಂಘವಾಗಿ, ಪದವಿ ಕೊಡುತ್ತಿದ್ದುದು ಸಂಸ್ಥೆಯ ಹೆಸರಲ್ಲಿ. ಮದರಸದ ಖರ್ಚು ವಕ್ಫ್ ಆಸ್ತಿಯಿಂದ ನಡೆಯುತ್ತಿತ್ತು, ಆದರೆ ಇಜಾಝತ್, ಅಂದರೆ ಕಲಿಸಲು ಅನುಮತಿ, ಕೊಡುತ್ತಿದ್ದುದು ಸಂಸ್ಥೆಯಲ್ಲ, ಪಾಠ ಹೇಳಿದ ಉಸ್ತಾದರು. ‘ಈ ಗ್ರಂಥವನ್ನು ಇವನು ನನ್ನ ಮುಂದೆ ಕೂತು ಓದಿದ, ನಾನು ಇಂಥವರ ಮುಂದೆ ಓದಿದ್ದೆ, ಅವರು ಇಂಥವರ ಮುಂದೆ’ ಅಂತ ಹೆಸರುಗಳ ಸರಪಣಿ. ಅದೇ ಸನದ್. (ನಮ್ಮ ಅಬಕಾರಿ ಇಲಾಖೆ ‘ಸನ್ನದುದಾರರು’ ಅನ್ನುತ್ತದಲ್ಲ, ಆ ಪದವೇ. ಎಲ್ಲಿಂದ ಎಲ್ಲಿಗೆ ಬಂತು ನೋಡಿ!)

ಎರಡನೆಯದು, ಕಲಿಯುವುದು ಯಾತಕ್ಕೆ ಅನ್ನೋದು. ಇದಕ್ಕೆ ಅರಬ್ಬಿಯಲ್ಲಿ ಮೂರು ಪದ. ತರ್ಬಿಯತ್ ಅಂದರೆ ಬೆಳೆಸುವುದು. ತಾಲೀಮ್ ಅಂದರೆ ಅರಿವು ಕೊಡುವುದು, ನಾವು ನಾಟಕಕ್ಕೂ ಕುಸ್ತಿಗೂ ಮಾಡುವ ತಾಲೀಮು ಇದೇ. ತಾದೀಬ್ ಅಂದರೆ ಅದಬ್ ಕಲಿಸುವುದು. 1977ರಲ್ಲಿ ಮೆಕ್ಕಾದಲ್ಲಿ ಮುಸ್ಲಿಂ ಶಿಕ್ಷಣದ ಮೊದಲ ವಿಶ್ವ ಸಮ್ಮೇಳನ ನಡೆದಾಗ ಮಲೇಷ್ಯಾದ ವಿದ್ವಾಂಸ ಸೈಯದ್ ಮುಹಮ್ಮದ್ ನಕೀಬ್ ಅಲ್ ಅತ್ತಾಸ್ ಈ ಮೂರನೇ ಪದವನ್ನೇ ಹಿಡಿದು ವಾದಿಸಿದರು. ಯಾವುದರ ಜಾಗ ಎಲ್ಲಿ ಅಂತ ತಿಳಿದು ಅದಕ್ಕೆ ತಕ್ಕ ಹಾಗೆ ನಡೆಯುವುದು ಅದಬ್, ಒಳ್ಳೆಯ ನಾಗರಿಕನಿಗಿಂತ ಮೊದಲು ಒಳ್ಳೆಯ ಮನುಷ್ಯ ಆಗಬೇಕು ಅಂತ. ಇಲ್ಲಿ ಹೋಗಿ ಸೇರುವ ಊರು ಮೊದಲೇ ಗೊತ್ತು: ದೇವರು. ಈಗ ಅಮೆರಿಕದ ಶಿಕ್ಷಣ ಚಿಂತಕ ಜಾನ್ ಡ್ಯೂಯಿಯ 1916ರ ಪುಸ್ತಕ ಓದಿ. ಬೆಳವಣಿಗೆಗೆ ಅದರಾಚೆ ಬೇರೆ ಗುರಿಯೇ ಇಲ್ಲ ಅನ್ನುತ್ತಾನೆ. ನಡೆಯುತ್ತಾ ಹೋಗುವುದೇ ಊರು. ಬುಡದ ಜಗಳ ಇದು, ಬಾಯಿಪಾಠದ್ದಲ್ಲ.

ಗುರಿ ದೇವರು ಅಂದ ತಕ್ಷಣ ಗಣಿತ, ವೈದ್ಯ ಬೇಡ ಅಂತ ಅರ್ಥ ಮಾಡಿಕೊಳ್ಳಬೇಡಿ. ಮಧ್ಯಯುಗದ ದೊಡ್ಡ ಧರ್ಮವಿದ್ವಾಂಸ ಇಮಾಮ್ ಗಝ್ಝಾಲಿ ವಿದ್ಯೆಯನ್ನು ವಿಂಗಡಿಸುತ್ತಾರೆ. ಪ್ರತಿಯೊಬ್ಬರೂ ಕಲಿಯಲೇಬೇಕಾದ್ದು ಫರ್ಝ್ ಐನ್. ಊರಲ್ಲಿ ಕೆಲವರಾದರೂ ಕಲಿತಿರಬೇಕಾದ್ದು ಫರ್ಝ್ ಕಿಫಾಯ, ಯಾರೂ ಕಲಿಯದಿದ್ದರೆ ಇಡೀ ಊರಿಗೇ ಪಾಪ. ವೈದ್ಯ, ಲೆಕ್ಕ ಈ ಎರಡನೆಯದರಲ್ಲಿ ಬರುತ್ತವೆ. ಆಮೇಲೆ ಅವರು ತಮ್ಮವರನ್ನೇ ತರಾಟೆಗೆ ತೆಗೆದುಕೊಳ್ಳುತ್ತಾರೆ. ಎಷ್ಟೋ ಊರಲ್ಲಿ ಒಬ್ಬ ಮುಸ್ಲಿಂ ವೈದ್ಯನೂ ಇಲ್ಲ, ಎಲ್ಲರೂ ಧರ್ಮಶಾಸ್ತ್ರ ಓದಲು ಮುಗಿಬೀಳುತ್ತಾರೆ, ಯಾಕಂದರೆ ಖಾಝಿ ಕೆಲಸವೂ ವಕ್ಫ್ ಆಸ್ತಿಯ ಉಸ್ತುವಾರಿಯೂ ಸಿಗುವುದು ಅದರಿಂದ ತಾನೇ ಅಂತ. ಸೀಟಿಗೆ ನೂಕುನುಗ್ಗಲು ಆಗಲೂ ಇತ್ತು!

ನನ್ನದೊಂದು ಅಳುಕೂ ಇದೆ. ಅದಬ್ ಹೆಸರಲ್ಲಿ ಮಕ್ಕಳ ಬಾಯಿ ಮುಚ್ಚಿಸುವ ಮೇಷ್ಟ್ರುಗಳನ್ನು ಬೇಕಾದಷ್ಟು ಕಂಡಿದ್ದೇನೆ. ಗಝ್ಝಾಲಿಯನ್ನು ಅವರು ಮುಟ್ಟಿಯೂ ನೋಡಿರಲಿಲ್ಲ.

ಮುಸ್ಲಿಂ ಜಗತ್ತಿನಲ್ಲಿ ವಿಜ್ಞಾನವನ್ನು ಕೊಂದದ್ದು ಗಝ್ಝಾಲಿಯಂತೆ, ಹೌದಾ?

ಅವರು ತೀರಿಕೊಂಡಿದ್ದು 1111ರಲ್ಲಿ, ಇರಾನಿನ ಮರಾಘಾದ ಖಗೋಳ ವೀಕ್ಷಣಾಲಯ ಶುರುವಾಗಿದ್ದು 1259ರಲ್ಲಿ. ಲೆಕ್ಕ ನೀವೇ ಹಾಕಿ.

ನಮ್ಮ ಮದರಸಗಳ ದರ್ಸೆ ನಿಝಾಮಿ ಪಠ್ಯಕ್ರಮ ಹೈದರಾಬಾದ್ ನಿಜಾಮರದ್ದಾ?

ಅಲ್ಲ. ಲಖನೌದ ಫಿರಂಗಿ ಮಹಲ್‌ನ ಮುಲ್ಲಾ ನಿಝಾಮುದ್ದೀನರದ್ದು.

‘ಚೀನಾಕ್ಕೆ ಹೋಗಿಯಾದರೂ ವಿದ್ಯೆ ಕಲಿಯಿರಿ’ ಎಂಬ ಹದೀಸನ್ನು (ಪ್ರವಾದಿಯವರದೆಂದು ಹೇಳುವ ಮಾತನ್ನು) ಭಾಷಣದಲ್ಲಿ ಬಳಸಬಹುದಾ?

ಸನದ್ ಗಟ್ಟಿಯಿಲ್ಲ ಅಂತ ಹದೀಸ್ ವಿದ್ವಾಂಸರು ಎಂದೋ ಹೇಳಿಯಾಗಿದೆ. ಭಾಷಣಕಾರರು ಮಾತ್ರ ಇನ್ನೂ ಚೀನಾದಿಂದ ವಾಪಸ್ ಬಂದಿಲ್ಲ.

‘ಫಿನ್ಲೆಂಡ್ ಮಾದರಿ, ಇಸ್ಲಾಮಿಕ್ ಮೌಲ್ಯ’ ಅಂತ ಬೋರ್ಡ್ ಹಾಕಿರುವ ಶಾಲೆಗೆ ಮಗಳನ್ನು ಸೇರಿಸಲಾ?

ಬೋರ್ಡ್ ಬರೆಯುವವನಿಗೆ ಫಿನ್ಲೆಂಡ್ ಎಲ್ಲಿದೆ ಅಂತ ಗೊತ್ತಿರಬೇಕಿಲ್ಲ. ಹೇಳದೆ ಕೇಳದೆ ಒಂದು ಸೋಮವಾರ ಬೆಳಗ್ಗೆ ಹೋಗಿ. ಗಣಿತ ಮೇಷ್ಟ್ರು ಇದ್ದಾರಾ, ಎಷ್ಟು ವರ್ಷದಿಂದ ಇದ್ದಾರೆ ಅಂತ ಕೇಳಿ. ಶೌಚಾಲಯ ನೋಡಿ. ‘40 ದಿನದಲ್ಲಿ ನೆನಪಿನ ಶಕ್ತಿ’ ಅಂತ ಕೋರ್ಸ್ ಮಾರುತ್ತಿದ್ದರೆ ಅಲ್ಲಿಂದಲೇ ವಾಪಸ್ ಬನ್ನಿ.

ಬೀದರ್‌ನ ಮಹಮೂದ್ ಗವಾನ್ ಮದರಸದಲ್ಲಿ ಯಾವ ಡಿಗ್ರಿ ಕೊಡುತ್ತಿದ್ದರು?

ಡಿಗ್ರಿ ಅನ್ನೋದೇ ಇರಲಿಲ್ಲ, ಸರಪಣಿ ವಿಷಯ ಮೇಲೆ ಹೇಳಿದ್ದೇನೆ. 1472ರ ಕಟ್ಟಡ ಅದು. ಮೊಗಲರ ಕಾಲದಲ್ಲಿ ಒಳಗಿಟ್ಟ ಮದ್ದು ಸಿಡಿದು ಒಂದು ಪಾಲು ಹಾರಿಹೋಯಿತು. ಈಗ ಉಳಿದಿರುವುದು ಒಂದೇ ಮಿನಾರು, ಅದರ ಮೈಮೇಲೆ ಅಲ್ಲಲ್ಲಿ ನೀಲಿ ಹೆಂಚು. ಹೋದರೆ ಬೆಳಗ್ಗೆ ಬೇಗ ಹೋಗಿ, ಬೀದರ್ ಬಿಸಿಲು ಜಾಸ್ತಿ.